ಹತ್ತು ನಿಮಿಷದ ವಡೆ

ಮೈಸೂರಿನ ಕುವೆಂಪುನಗರದ ಓದುಗರೊಬ್ಬರ ಪತ್ರದ ಸಾರ: ಜನವರಿಯ ಒಂದು ಭಾನುವಾರ ಮಧ್ಯಾಹ್ನ ಬೆಂಗಳೂರಿನಿಂದ ಮರಳುವಾಗ ಮದ್ದೂರಿನಲ್ಲಿ ಕಾರು ನಿಲ್ಲಿಸಿದ್ದಾರೆ. ಗಾಜನ್ನು ಎರಡು ಬೆರಳಷ್ಟು ಇಳಿಸಿ, ಪಗ್ ನಾಯಿಯನ್ನು ಒಳಗೇ ಬಿಟ್ಟು ವಡೆ, ಕಾಫಿ ಮುಗಿಸಿ, ಮನೆಗೂ ಒಂದಿಷ್ಟು ಕಟ್ಟಿಸಿಕೊಂಡು ಬಂದಿದ್ದಾರೆ. ಅಷ್ಟರಲ್ಲಿ ಅಪರಿಚಿತರೊಬ್ಬರು ಕಾರಿನ ಗಾಜು ಬಡಿಯುತ್ತಿದ್ದರು. ಇವರನ್ನು ಕಂಡದ್ದೇ ಎಲ್ಲರೆದುರು ಗದರಿದರು. “ಹತ್ತೇ ನಿಮಿಷ, ಅದೂ ಚಳಿಗಾಲ. ನಮ್ಮ ಕಡೆಯ ಹವೆಗೆ ಇಷ್ಟೊಂದು ರಂಪ ಬೇಕೆ?” ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಗದರಿದ್ದು ಹೆಚ್ಚಾಯಿತು, ಒಪ್ಪುತ್ತೇನೆ. ಗಾಜು ಬಡಿದದ್ದು ಮಾತ್ರ ಸರಿ.

ತಪ್ಪೆಲ್ಲ ಇರುವುದು ಆ “ನಮ್ಮ ಕಡೆಯ ಹವೆ”ಯಲ್ಲೇ. ರಾಯಚೂರಿನವರು ಬಿಸಿಲಿಗೆ ಹೆದರುತ್ತಾರೆ, ಹಾಗಾಗಿ ಹುಷಾರಾಗಿರುತ್ತಾರೆ. ಮೈಸೂರು ಸೀಮೆಯವರಾದ ನಾವು ತಂಪು ಊರಿನ ಹೆಮ್ಮೆಯಲ್ಲಿ ಮೈಮರೆಯುತ್ತೇವೆ. ನಿಲ್ಲಿಸಿದ ಕಾರಿಗೆ ಊರು ಯಾವುದಾದರೇನು, ಬಿಸಿಲಿದ್ದರೆ ಸಾಕು. ಗಾಜಿನ ಮೂಲಕ ಒಳಹೊಕ್ಕ ಬಿಸಿಲು ಡ್ಯಾಶ್‌ಬೋರ್ಡನ್ನೂ ಸೀಟನ್ನೂ ಕಾಯಿಸುತ್ತದೆ. ಅವು ಒಳಗಿನ ಗಾಳಿಯನ್ನು ಕಾಯಿಸುತ್ತವೆ. ಆ ಗಾಳಿಗೆ ಹೊರದಾರಿಯಿಲ್ಲ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಅಳೆದು ನೋಡಿದೆ. ಹೊರಗೆ 22 ಡಿಗ್ರಿ ಸೆಲ್ಸಿಯಸ್ ಮಾತ್ರ ಇದ್ದ ದಿನವೂ ಕಾರಿನೊಳಗೆ ಒಂದು ಗಂಟೆಯಲ್ಲಿ 47 ಡಿಗ್ರಿ ಮುಟ್ಟಿತ್ತು. ಏರಿಕೆಯ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಗಾಜನ್ನು ಒಂದೂವರೆ ಇಂಚು ಇಳಿಸಿದರೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಎರಡು ಬೆರಳಿನ ಸಂದು ಎಂದರೆ ಅಷ್ಟೇ ಅಲ್ಲವೇ?

ಹೋದ ವರ್ಷ ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ದಂಡೆ ಕೊಂಡು, ಕಾರಿನ ಮುಂದಿನ ಸೀಟಿನಲ್ಲಿಟ್ಟು ಬಾಳೆಹಣ್ಣು ತರಲು ಹೋಗಿದ್ದೆ. ಕಾರು ಮರದ ನೆರಳಲ್ಲಿತ್ತು; ನಾನು ಬರುವಷ್ಟರಲ್ಲಿ ನೆರಳು ಪಕ್ಕದ ಸ್ಕೂಟರಿಗೆ ಸರಿದಿತ್ತು. ದಂಡೆ ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದಿತ್ತು. ಸೀಟ್‌ಬೆಲ್ಟಿನ ಕೊಂಡಿ ಮುಟ್ಟಿ ಕೈ ಸುಟ್ಟುಕೊಂಡೆ. ಅಂದಿನಿಂದ ನೆರಳನ್ನು ನಂಬುವುದು ಬಿಟ್ಟಿದ್ದೇನೆ.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಅಂಗಾಲಿನಲ್ಲಿ ಅಷ್ಟಿಷ್ಟು. ಅದು ತಣಿಯುವುದು ಏದುಸಿರಿನಿಂದ, ಬಾಯಿಯ ತೇವ ಆರುವುದರಿಂದ. ಮುಚ್ಚಿದ ಕಾರಿನಲ್ಲಿ ಅದರ ಉಸಿರೇ ಗಾಳಿಯನ್ನು ತೇವಗೊಳಿಸುತ್ತದೆ, ಆ ತೇವದಲ್ಲಿ ಏದುಸಿರಿನ ಉಪಯೋಗ ಕುಗ್ಗುತ್ತದೆ. ಇನ್ನು ಪಗ್ ಎಂದರೆ ಚಪ್ಪಟೆ ಮೂಗಿನ, ತಂಪಾಗಿ ಕೂತಿರುವಾಗಲೂ ಗೊರಗೊರ ಎನ್ನುವ ಪ್ರಾಣಿ. ಮೊಬೈಲ್ ಜಾಹೀರಾತು ನೋಡಿ ಮುದ್ದಿಗೆ ತಂದವರು ಆ ಮೂಗಿನ ಕಷ್ಟವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಾಯಿಯ ಮೈಬಿಸಿ ಸಾಮಾನ್ಯವಾಗಿ 38-39 ಡಿಗ್ರಿ. 41 ದಾಟಿದರೆ ಜೀವಕ್ಕೇ ಅಪಾಯ.

ನಿಲ್ಲದ ಏದುಸಿರು, ಅಂಟುಅಂಟು ಜೊಲ್ಲು, ಕೆಂಪೇರಿದ ವಸಡು, ತೂರಾಡುವ ನಡಿಗೆ ಕಂಡರೆ ನಾಯಿಯನ್ನು ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿಯುತ್ತಾ ಗಾಳಿ ಬೀಸಬೇಕು. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಬಿಸಿಯನ್ನು ಹಿಡಿದಿಡುತ್ತದೆ. ಬಾಯಿಗೆ ಬಲವಂತವಾಗಿ ನೀರು ಹೊಯ್ಯಬೇಡಿ. ಪಶುವೈದ್ಯರಲ್ಲಿಗೆ ಓಡುವುದು ಹೀಗೆ ತಣಿಸಲು ಶುರುಮಾಡಿದ ಮೇಲೆ, ಎಸಿ ಹಾಕಿದ ಕಾರಿನಲ್ಲಿ. ಅಲ್ಲಿಗೆ ತಲುಪುವಷ್ಟರಲ್ಲಿ ನಾಯಿ ಚೇತರಿಸಿಕೊಂಡಂತೆ ಕಂಡರೂ ತೋರಿಸಿಯೇ ಬನ್ನಿ. ಒಳಗಿನ ಅಂಗಗಳಿಗೆ ಆದ ಪೆಟ್ಟು ತಡವಾಗಿ ಕಾಣಿಸಿಕೊಳ್ಳುವುದುಂಟು.

ಕಾನೂನಿನ ಭಯವೇನೂ ದೊಡ್ಡದಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ನಿಮ್ಮ ವಡೆ-ಕಾಫಿಯ ಬಿಲ್ಲು ಅದಕ್ಕಿಂತ ಹೆಚ್ಚಾಗಿರಬೇಕು.

ಇನ್ನು ಆ “ಹತ್ತೇ ನಿಮಿಷ”. ಭಾನುವಾರದ ಮದ್ದೂರಿನಲ್ಲಿ ಮೇಜು ಸಿಕ್ಕು, ವಡೆ ಬಂದು, ಕಾಫಿ ಕುಡಿದು, ಪೊಟ್ಟಣ ಕಟ್ಟಿಸಿ, ಚಿಲ್ಲರೆ ಪಡೆದು ಹತ್ತು ನಿಮಿಷದಲ್ಲಿ ಹೊರಬಂದವರನ್ನು ನಾನು ಈವರೆಗೆ ಕಂಡಿಲ್ಲ. ಮುಂದಿನ ಸಲ ಒಬ್ಬರು ನಾಯಿಯ ಸರಪಳಿ ಹಿಡಿದು ಹೊರಗೆ ನಿಲ್ಲಿ, ಇನ್ನೊಬ್ಬರು ವಡೆ ತನ್ನಿ. ಒಬ್ಬರೇ ಹೊರಟಿದ್ದರೆ ನಾಯಿ ಮನೆಯಲ್ಲೇ ಇರಲಿ.

ಪತ್ರದಲ್ಲಿ ನಿಮಗಾದ ಅವಮಾನದ ವಿವರ ಎರಡು ಪುಟವಿದೆ. ಬಾಗಿಲು ತೆಗೆದಾಗ ನಾಯಿ ಹೇಗಿತ್ತು ಎಂಬುದನ್ನು ಬರೆದಿಲ್ಲ. ಒಂದು ಸಾಲು ತಿಳಿಸಿ.