ಸೈಟಿಗೆ ಟ್ಯಾಬ್ ಬಂತು, ಮೇಸ್ತ್ರಿ ಮುಟ್ಟುತ್ತಿಲ್ಲ

ಪ್ರಶ್ನೆ: ಮೇಡಂ, ನಾನು ಸಣ್ಣ ಗುತ್ತಿಗೆ ಸಂಸ್ಥೆಯೊಂದರಲ್ಲಿ ಸೈಟ್ ಎಂಜಿನಿಯರ್. ನಮ್ಮ ಮಾಲೀಕರು ಬಿಐಎಂ ತಂತ್ರಾಂಶ (ಇಡೀ ಕಟ್ಟಡದ ಡಿಜಿಟಲ್ ಮಾದರಿಯನ್ನು ಕಂಪ್ಯೂಟರಿನಲ್ಲಿ ಮಾಡುವುದು), ಟ್ಯಾಬ್‌ಗಳು, ಹಾಜರಾತಿ ಆ್ಯಪ್ ಎಲ್ಲವನ್ನೂ ಒಟ್ಟಿಗೇ ತಂದರು. ಮೇಸ್ತ್ರಿಗಳು ಇಂದಿಗೂ ಕಾಗದದ ಡ್ರಾಯಿಂಗನ್ನೇ ಕೇಳುತ್ತಾರೆ. ಅಭಿವೃದ್ಧಿಶೀಲ ದೇಶಗಳ ಕಟ್ಟಡ ಕೆಲಸಕ್ಕೆ ಇದೆಲ್ಲ ಒಗ್ಗುವುದಿಲ್ಲವೇ?

ಉತ್ತರ: ಖಂಡಿತ ಒಗ್ಗುತ್ತದೆ. ಹಿಂಜರಿಕೆ ಬಡ ದೇಶಗಳದ್ದಷ್ಟೇ ಅಂದುಕೊಳ್ಳಬೇಡಿ. ಜಗತ್ತಿನ ಒಟ್ಟು ಆರ್ಥಿಕತೆಯಲ್ಲಿ ಉತ್ಪಾದಕತೆ ವರ್ಷಕ್ಕೆ ಶೇ. 2.8ರಷ್ಟು ಬೆಳೆದ ಎರಡು ದಶಕಗಳಲ್ಲಿ ನಿರ್ಮಾಣ ಕ್ಷೇತ್ರದ್ದು ಶೇ. 1ರಷ್ಟೇ ಬೆಳೆಯಿತು ಎಂದು ಸಲಹಾ ಸಂಸ್ಥೆ ಮೆಕಿನ್ಸಿ 2017ರಲ್ಲಿ ಅಂದಾಜಿಸಿತ್ತು.

ಆದರೆ ಮೇಸ್ತ್ರಿಗಳನ್ನು ದೂರುವ ಮೊದಲು ಆ ಟ್ಯಾಬ್‌ನಿಂದ ಅವರಿಗೇನು ಸಿಕ್ಕಿತು ನೋಡಿ. ಹಾಜರಾತಿ ಆ್ಯಪ್ ಮೊದಲು ಬಂದರೆ ಅದು ಕೂಲಿ ಕತ್ತರಿಸಲು ಬಂದದ್ದೆಂದೇ ಅವರು ತಿಳಿಯುತ್ತಾರೆ, ಆಮೇಲೆ ಬಂದದ್ದನ್ನೆಲ್ಲ ಅದೇ ಅನುಮಾನದಿಂದ ನೋಡುತ್ತಾರೆ. ಅವರ ಕೈಕೆಲಸ ಹಗುರ ಮಾಡುವುದು ಮೊದಲು ಬರಬೇಕಿತ್ತು.

ಹಳೆಯ ಡ್ರಾಯಿಂಗ್ ನೋಡಿ ಮಾಡಿದ ಕೆಲಸದಲ್ಲಿ ಹಣ ಸೋರಿಹೋಗುವುದನ್ನು ನಾನು ಸೈಟ್‌ಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಆಫೀಸಿನಲ್ಲಿ ಬೀಮ್ ಜಾಗ ಬದಲಾಗಿರುತ್ತದೆ, ಸೈಟಿನಲ್ಲಿ ಮಡಚಿಟ್ಟ ಹಾಳೆ ಹಳೆಯ ರಿವಿಷನ್ನಿನದು, ಅಂದರೆ ತಿದ್ದುವ ಮೊದಲಿನದು. ಸೆಂಟ್ರಿಂಗ್ ಮುಗಿದು ಕಂಬಿ ಕಟ್ಟಿ ಕಾಂಕ್ರೀಟ್ ಹಾಕಿದ ಮೇಲೆ ಪ್ಲಂಬರ್ ಬಂದು ಪೈಪ್ ಎಲ್ಲಿಂದ ಹೋಗಬೇಕು ಅನ್ನುತ್ತಾರೆ. ಒಡೆಯುವ ದೂಳು ಕುಡಿಯುವವರೂ ಆ ಕೂಲಿಯವರೇ. ನನಗೆ ಸಂಕಟವಾಗುವುದು ಅಲ್ಲಿ.

ಆದ್ದರಿಂದ ಕಾಗದವನ್ನು ಕಿತ್ತುಕೊಳ್ಳಬೇಡಿ. ಪ್ರತಿ ಹಾಳೆಯ ಮೂಲೆಯಲ್ಲಿ ಕ್ಯೂಆರ್ ಕೋಡ್ ಮುದ್ರಿಸಿ. ಮೇಸ್ತ್ರಿ ತಮ್ಮ ಫೋನಿನಲ್ಲೇ ಸ್ಕ್ಯಾನ್ ಮಾಡಿದರೆ ಆ ರಿವಿಷನ್ ಈಗಲೂ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಅವರ ಭಾಷೆಯಲ್ಲಿ ಕಾಣಲಿ. ಸಿಗ್ನಲ್ ಸಿಗದ ನೆಲಮಾಳಿಗೆಯಲ್ಲಿ ಇದು ನಡೆಯದು, ಹಾಗಾಗಿ ಕೆಳಗಿಳಿಯುವ ಮುಂಚೆಯೇ ನೋಡುವ ಅಭ್ಯಾಸ ಮಾಡಿಸಿ. ಕಾಂಕ್ರೀಟ್ ಹಾಕುವ ಮುನ್ನ ಕಟ್ಟಿದ ಕಂಬಿಯ ಫೋಟೊ, ತಾರೀಖು ಮತ್ತು ಕಂಬದ ಸಂಖ್ಯೆಯೊಂದಿಗೆ, ಒಂದೇ ಫೋಲ್ಡರಿಗೆ ಹೋಗಲಿ. ಮುಚ್ಚಿಹೋಗುವ ಕೆಲಸದ ಬಿಲ್ಲಿಗೆ ಅದೇ ಸಾಕ್ಷಿ. ಕಂಬಿ ಕಟ್ಟಿದವರಿಗೆ ಹಣ ಬೇಗ ಕೈಸೇರಿದ ದಿನ ಫೋಟೊ ತೆಗೆಯಿರೆಂದು ಅವರೇ ಹೇಳುತ್ತಾರೆ.

ಬಿಐಎಂ ಮಾದರಿಯ ತೊಡಕು ಬೇರೆ. ಪೈಪು ಬೀಮಿಗೆ ಅಡ್ಡ ಬರುವುದನ್ನು ಅದು ಪರದೆಯ ಮೇಲೆಯೇ ತೋರಿಸಬಲ್ಲದು, ನಿಜ. ಆದರೆ ಪ್ಲಂಬಿಂಗ್, ವಿದ್ಯುತ್ ವಿನ್ಯಾಸಗಳೇ ಸ್ಲ್ಯಾಬ್ ಬಿದ್ದ ಮೇಲೆ ತಯಾರಾಗುವ ಕಡೆ ಅದು ಯಾವುದರೊಡನೆ ಯಾವುದನ್ನು ಹೋಲಿಸಬೇಕು? ಮಾದರಿ ಮಾಡುವ ಖರ್ಚು ವಿನ್ಯಾಸಕಾರರದು, ಉಳಿತಾಯ ಗುತ್ತಿಗೆದಾರರದು ಅಥವಾ ಕಟ್ಟಿಸುವವರದು. ಕಡಿಮೆ ದರ ಕೂಗಿದವರಿಗೇ ಕೆಲಸ ಹೋಗುವಾಗ ಆ ಖರ್ಚನ್ನು ಯಾರೂ ಮೈಮೇಲೆ ಎಳೆದುಕೊಳ್ಳುವುದಿಲ್ಲ. ಅದಕ್ಕೇ ಕಟ್ಟಿಸುವವರು, ಮುಖ್ಯವಾಗಿ ಸರ್ಕಾರ, ಮಾದರಿಯನ್ನು ಕರಾರಿನಲ್ಲೇ ಕೇಳಿ ಅದಕ್ಕೆ ಹಣವನ್ನೂ ಕೊಡಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬ್ರಿಟನ್ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ 2016ರಲ್ಲಿ ಬಿಐಎಂ ಕಡ್ಡಾಯ ಮಾಡಿತು. ವಿಯೆಟ್ನಾಂ ಅದೇ ವರ್ಷ ಯೋಜನೆ ಒಪ್ಪಿ, ಪ್ರಾಯೋಗಿಕವಾಗಿ ನಡೆಸಿ ನೋಡಿ, 2023ರ ತೀರ್ಮಾನದಲ್ಲಿ ದೊಡ್ಡ ಕಾಮಗಾರಿಗಳಿಂದ ಶುರುವಾಗುವ ಹಂತ ಹಂತದ ಕಡ್ಡಾಯವನ್ನು ಪ್ರಕಟಿಸಿತು. ಈ ನಿಧಾನ ನನಗೆ ಮೆಚ್ಚುಗೆ.

ನಿಮ್ಮ ಮಾಲೀಕರಿಗೆ ಹೇಳಿ: ಹಾಜರಾತಿ ಆ್ಯಪನ್ನು ಸದ್ಯಕ್ಕೆ ಬದಿಗಿಡಿ, ಡ್ರಾಯಿಂಗ್ ಫೋಲ್ಡರಿಗೆ ಒಬ್ಬರನ್ನು ಹೊಣೆ ಮಾಡಿ. ಹೊಸ ಹಾಳೆ ಹಂಚುವ ದಿನವೇ ಹಳೆಯದನ್ನು ವಾಪಸು ಪಡೆಯುವುದೂ ಅವರದೇ ಕೆಲಸ.

ಪ್ರಶ್ನೆ: ಬಿಐಎಂ ಕಲಿಯಲು ದುಬಾರಿ ಪರವಾನಗಿ ಕೊಳ್ಳಲೇಬೇಕೇ?

ಉತ್ತರ: ಬೇಡ. ಫ್ರೀಕ್ಯಾಡ್ ಎಂಬ ತಂತ್ರಾಂಶ ಉಚಿತ. ಬ್ಲೆಂಡರ್ ಎಂಬ 3ಡಿ ತಂತ್ರಾಂಶದ ಜೊತೆ ನಡೆಯುವ ಬೋನ್ಸಾಯ್ ಕೂಡ ಉಚಿತ. ಎರಡೂ ಐಎಫ್‌ಸಿ ಎಂಬ ಮುಕ್ತ ಕಡತ ನಮೂನೆಯನ್ನು (ಯಾವ ಒಂದು ಕಂಪನಿಗೂ ಕಟ್ಟುಬೀಳದ್ದು) ಓದುತ್ತವೆ. ಐಎಸ್‌ಒ 16739 ಎಂಬ ಅಂತರರಾಷ್ಟ್ರೀಯ ಮಾನಕ ಅದರದೇ. ಸಂಸ್ಥೆ ಯಾವ ತಂತ್ರಾಂಶವನ್ನೇ ಕೊಂಡರೂ ಕಟ್ಟಡದ ಮಾದರಿಯ ಒಂದು ಪ್ರತಿಯನ್ನು ಐಎಫ್‌ಸಿಯಲ್ಲಿ ಉಳಿಸಿಡಿ. ಪರವಾನಗಿ ಮುಗಿದ ಮೇಲೂ ಕಡತ ತೆರೆಯಬೇಕಲ್ಲ.