ಕಾಲೇಜಿನ ಹಳೇ ರಿಜಿಸ್ಟರ್ ಕೇಳಿ ನೋಡಿ

ಪ್ರಶ್ನೆ: ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಮೊದಮೊದಲು ಓದಿದ ಹೆಣ್ಣುಮಕ್ಕಳ ಬಗ್ಗೆ ಎಂ.ಎ. ಪ್ರಬಂಧ ಬರೆಯುತ್ತಿದ್ದೇನೆ. ಎಲ್ಲಿ ನೋಡಿದರೂ ಮಹಾರಾಜರು, ದಿವಾನರ ಹೆಸರೇ ಸಿಗುತ್ತದೆ. ಓದಿದವರ ದಾಖಲೆ ಎಲ್ಲಿರುತ್ತದೆ?
– ಒಬ್ಬ ವಿದ್ಯಾರ್ಥಿನಿ, ಮೈಸೂರು

ಉತ್ತರ: ಒಳ್ಳೆಯ ವಿಷಯ ಹಿಡಿದಿದ್ದೀರಿ, ಬಿಡಬೇಡಿ. 1881ರಲ್ಲಿ ಶಾಲೆಯಾಗಿ ಶುರುವಾಗಿ 1901ರಲ್ಲಿ ಕಾಲೇಜಾದ ಸಂಸ್ಥೆ ಅದು. ಆಗಿನ್ನೂ ಮೈಸೂರು ವಿಶ್ವವಿದ್ಯಾನಿಲಯವೇ ಇರಲಿಲ್ಲ, ಅದು ಬಂದಿದ್ದು 1916ರಲ್ಲಿ ಅಲ್ವಾ? ಅಲ್ಲಿಯವರೆಗೆ ಪರೀಕ್ಷೆ, ಪದವಿ ಎಲ್ಲ ಮದರಾಸಿನದ್ದು. ಹಾಗಾಗಿ 1906ರಲ್ಲೇ ಪದವಿ ಪಡೆದ ರುಕ್ಮಿಣಿಯಮ್ಮ, ಶ್ರೀರಂಗಮ್ಮ ಅವರಂಥವರನ್ನು ಮೈಸೂರಿನ ಕಡತಗಳಲ್ಲಷ್ಟೇ ಹುಡುಕುತ್ತಾ ಕೂತರೆ ಆಗುವುದಿಲ್ಲ. ಮದರಾಸು ವಿಶ್ವವಿದ್ಯಾನಿಲಯದ ಹಳೇ ಕ್ಯಾಲೆಂಡರ್‌ಗಳನ್ನೂ ತೆಗೆಯಬೇಕು. ಗೋಡೆಗೆ ನೇತುಹಾಕುವ ಕ್ಯಾಲೆಂಡರ್ ಅಲ್ಲ, ನಿಯಮಗಳು, ಕಾಲೇಜುಗಳು, ಪದವೀಧರರ ಹೆಸರು ಎಲ್ಲ ಇರುವ ದಪ್ಪ ಪುಸ್ತಕ ಅದು.

ಸರ್ಕಾರಿ ಕಡತಗಳಿಗೆ ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ. ವಿದ್ಯಾ ಇಲಾಖೆಯ ಸೂಚಿ ಕೇಳಿ. ಆಡಳಿತ ವರದಿಗಳನ್ನೂ ನೋಡಿ, ಆದರೆ ಅವು ಹೇಳುವುದು ಸರ್ಕಾರ ಏನು ಮಾಡಿತು ಅಂತ, ಹುಡುಗಿಯರ ಮಾತು ಅಲ್ಲಿ ಕಡಿಮೆ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಜಾಸ್ತಿ ಹೇಳುವುದು ಅಡ್ಮಿಷನ್ ರಿಜಿಸ್ಟರ್. ಹೆಸರು, ವಯಸ್ಸು, ಜಾತಿ, ತಂದೆಯೋ ಪೋಷಕರೋ ಯಾರು, ಅವರ ಕೆಲಸ ಏನು, ಕೊನೆಗೆ ಶಾಲೆ ಬಿಟ್ಟ ತಾರೀಖು ಮತ್ತು ಕಾರಣ. ಆ ಕೊನೆಯ ಕಾಲಂ ಮೇಲೆ ಬೆರಳಿಟ್ಟು ವರ್ಷದಿಂದ ವರ್ಷಕ್ಕೆ ಓದಿಕೊಂಡು ಹೋಗಿ. ಮದುವೆಗೆ ಬಿಟ್ಟವರೆಷ್ಟು, ಅಪ್ಪನಿಗೆ ವರ್ಗವಾಗಿ ಬಿಟ್ಟವರೆಷ್ಟು, ಖಾಲಿ ಬಿಟ್ಟ ಸಾಲು ಎಷ್ಟು, ಪಾಸಾದವರ ಪಟ್ಟಿ ಇದನ್ನೆಲ್ಲ ಹೇಳುವುದೇ ಇಲ್ಲ. ಪೋಷಕರ ಜಾಗದಲ್ಲಿ ಗಂಡನ ಹೆಸರಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ. ಯಾವ ವರ್ಷದ್ದು ಉಳಿದಿದೆ ಅಂತ ಕಾಲೇಜು ಆಫೀಸಿನಲ್ಲೇ ವಿಚಾರಿಸಬೇಕು. ಗೈಡ್ ಸಹಿ ಮಾಡಿದ ಪತ್ರ ಜೊತೆಗಿರಲಿ, ಸುಮ್ನೆ ಹೋದರೆ ಯಾರೂ ಬೀರು ತೆಗೆಯುವುದಿಲ್ಲ. ಕಾಲೇಜು ಮ್ಯಾಗಜೀನ್, ಹಾಸ್ಟೆಲ್ ಲೆಕ್ಕ, ಗ್ರೂಪ್ ಫೋಟೋಗಳನ್ನೂ ಕೇಳಿ. ಫೋಟೋ ಹಿಂದೆ ಹೆಸರು ಬರೆದಿರುತ್ತದೆ, ತಿರುಗಿಸಿ ನೋಡಿ.

ಹೆಂಗಸರೇ ಬರೆದದ್ದು ಬೇಕಾದರೆ ನಂಜನಗೂಡು ತಿರುಮಲಾಂಬಾ ಅವರ 'ಕರ್ನಾಟಕ ನಂದಿನಿ', ಆರ್. ಕಲ್ಯಾಣಮ್ಮನವರ 'ಸರಸ್ವತಿ' ಪತ್ರಿಕೆಗಳ ಹಳೇ ಸಂಚಿಕೆ ಹುಡುಕಿ. ರಿಜಿಸ್ಟರಿನಲ್ಲಿ ಸಿಕ್ಕ ಹೆಸರು ಅಲ್ಲಿ ಲೇಖಕಿಯಾಗಿ ಕಂಡರೂ ಕಾಣಬಹುದು. ಆಮೇಲೆ ಆ ಮನೆಯವರನ್ನು ಹುಡುಕಿ ಮಾತಾಡಿಸಿ. ಬದುಕಿರುವವರ ಜಾತಿ, ಮನೆ ವಿಷಯ ಮಾತ್ರ ಅವರ ಒಪ್ಪಿಗೆ ಇಲ್ಲದೆ ಅಚ್ಚು ಮಾಡಬೇಡಿ.