"ಹಡದ ಮ್ಯಾಲ ಸಕ್ಕರಿ ಹೋತ್ರಿ": ಒಂದು ಆಪ್ತಸಲಹೆ ಪ್ರಕರಣ

ನಮ್ಮಲ್ಲಿಗೆ ಬಂದ ಒಬ್ಬ ಹೆಣ್ಣುಮಗಳ ಪ್ರಕರಣ ಇದು. ಗುರುತು ಸಿಗದಂತೆ ಆಕೆಯ ಊರು, ವಯಸ್ಸು, ಮನೆಯ ವಿವರ ಬದಲಿಸಿದೆ. ಗಂಡನ ಮನೆ ಜಮಖಂಡಿ ತಾಲೂಕಿನ ಹೊಳೆಸಾಲಿನ ಕಬ್ಬಿನ ಊರು, ತವರು ಇಂಡಿ ಕಡೆ ಎಂದಿಟ್ಟುಕೊಳ್ಳಿ. ವಯಸ್ಸು 28, ಮಗನಿಗೆ ಮೂರು ತುಂಬುತ್ತ ಬಂದಿದೆ. ಅತ್ತೆಯ ಜೊತೆ ಬಂದದ್ದು ಕಾಪರ್-ಟಿ ತೆಗೆಸಲು; ಮನೆಯಲ್ಲಿ ಎರಡನೇ ಕೂಸಿನ ಮಾತು ನಡೆದಿದೆ. ಸಕ್ಕರೆಯ ವಿಷಯ ಅವರಾಗಿ ಎತ್ತಲಿಲ್ಲ. ಹಿಂದಿನ ಸಲ ಬಸುರಿದ್ದಾಗ ಏನಾದರೂ ತ್ರಾಸು ಇತ್ತೇ ಎಂದು ಕೇಳಿದ ಮೇಲೆ ಉತ್ತರ ಬಂತು: "ಸಕ್ಕರಿ ಬಂದಿತ್ರಿ. ಹಡದ ಮ್ಯಾಲ ಹೋತ್ರಿ."

ಚೀಲದಿಂದ ತಾಯಿ ಕಾರ್ಡು ಹೊರಬಂತು. ಮಡಿಕೆಯಲ್ಲಿ ಹರಿದು ಟೇಪು ಹಚ್ಚಿದ ಪುಟ, ಅದರಲ್ಲಿ 162ರ ಸುತ್ತ ಕೆಂಪು ಪೆನ್ನಿನ ಗೆರೆ. ಏಳನೇ ತಿಂಗಳಲ್ಲಿ, ಕುಬಸದ ಆಸುಪಾಸು, 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ತಾಸಿಗೆ ತೆಗೆದ ರಕ್ತದ ಅಂಕಿ ಅದು. 140 ಮುಟ್ಟಿದರೇ ಬಸುರಿನ ಸಕ್ಕರೆ ಎಂದು ಹಿಡಿಯುತ್ತಾರೆ. ಮುಂದೆ ಪಥ್ಯ, ಕೊನೆಯ ಎರಡು ತಿಂಗಳು ಇನ್ಸುಲಿನ್. ಹೆರಿಗೆಯಾದ ಮರುದಿನ ಬೆರಳು ಚುಚ್ಚಿ ನೋಡಿದಾಗ 104. "ನಾರ್ಮಲ್ ಐತಿ, ಇನ್ನ ಸೂಜಿ ಬ್ಯಾಡ" ಎಂದು ನರ್ಸ್ ಹೇಳಿದ್ದು ಮನೆಮಂದಿಗೆಲ್ಲ ನೆನಪಿದೆ. ಡಿಸ್ಚಾರ್ಜ್ ಚೀಟಿಯ ಕೆಳತುದಿಯಲ್ಲಿ ಆರು ವಾರಕ್ಕೆ ಮತ್ತೆ ಗ್ಲೂಕೋಸ್ ಪರೀಕ್ಷೆ ಎಂದು ಇಂಗ್ಲಿಷಿನಲ್ಲಿ ಗೀಚಿದ ಅರ್ಧ ಸಾಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಬಿದ್ದಿದ್ದರೂ ಆಗುತ್ತಿತ್ತೇ? ಆರನೇ ವಾರಕ್ಕೆ ಆಕೆ ತವರಿನಲ್ಲಿ ಬಾಣಂತಿ, ಫೈಲು ಗಂಡನ ಮನೆಯ ಟ್ರಂಕಿನಲ್ಲಿ. ತವರೂರಿನ ಆಶಾ ಕಾರ್ಯಕರ್ತೆ ಬಂದರೆ ನೋಡುವುದು ಕೂಸಿನ ತೂಕ ಮತ್ತು ಲಸಿಕೆ. ಮೂರು ತಿಂಗಳಿಗೆ ತೊಟ್ಟಿಲ ಸಮೇತ ಗಂಡನ ಮನೆಗೆ ಬಂದಾಗ ಇಲ್ಲಿಯ ಆಶಾಗೆ ಆಕೆ ಹಡೆದು ಮುಗಿದ ಕೇಸು. ನಮ್ಮ ಕಡೆ ಈ ಪರೀಕ್ಷೆ ತಪ್ಪುವುದು ಹೆಚ್ಚಾಗಿ ಈ ಎರಡು ಮನೆಗಳ ನಡುವೆ. ಹೆಣ್ಣುಮಗಳ ಬೇಜವಾಬ್ದಾರಿ ಎಂದು ಬರೆದು ಕೈತೊಳೆದುಕೊಳ್ಳುವಂಥದ್ದಲ್ಲ.

ಹೋಯಿತು ಅಂದರೆ ಏನು ಹೋಯಿತು ಎಂಬುದನ್ನು ಮೊದಲು ಬಿಡಿಸಿ ಹೇಳಬೇಕಾಯಿತು. ಬಸುರಿನ ಎರಡನೇ ಅರ್ಧದಲ್ಲಿ ಮಾಸು ಕೆಲವು ಹಾರ್ಮೋನುಗಳನ್ನು ಬಿಡುತ್ತದೆ; ಅವು ತಾಯಿಯ ಮೈಯಲ್ಲಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ, ಕೂಸಿಗೆ ಸಕ್ಕರೆ ಸಿಗಲಿ ಎಂದು. ಅದನ್ನು ಸರಿದೂಗಿಸಲು ಮೇದೋಜೀರಕ ಗ್ರಂಥಿ ಎರಡು-ಮೂರು ಪಟ್ಟು ಇನ್ಸುಲಿನ್ ಸುರಿಸಬೇಕು. ಅಷ್ಟು ಶಕ್ತಿ ಇಲ್ಲದವರಲ್ಲಿ ಸಕ್ಕರೆ ಏರುತ್ತದೆ. ಆಕೆಗೆ ಹೇಳಿದ್ದು ಹೀಗೆ: "ತಂಗಿ, ಕಬ್ಬಿನ ಟ್ರ್ಯಾಕ್ಟರ್ ಏರು ಹತ್ತುವಾಗ ದಮ್ಮು ಕಟ್ಟಿತು. ಲೋಡ್ ಇಳಿಸಿದ ಮ್ಯಾಲ ಸುಮ್ಮ ಓಡಾಕತ್ತೈತಿ. ಇಂಜಿನ್ ಮಾತ್ರ ಅದ ಐತಿ." ಮಾಸು ಬಿದ್ದ ಮೇಲೆ ಒಂದೆರಡು ದಿನದಲ್ಲಿ ಅಂಕಿ ಇಳಿಯುತ್ತದೆ. ಹಾಗಾಗಿ ಮರುದಿನದ 104ರಿಂದ ಮುಂದಿನ ಹತ್ತು ವರ್ಷದ ಬಗ್ಗೆ ಏನೂ ತಿಳಿಯುವುದಿಲ್ಲ. ಬಸುರಿನಲ್ಲಿ ಸಕ್ಕರೆ ಬಂದವರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಾಧ್ಯತೆ, ಬರದವರಿಗಿಂತ ಏಳರಿಂದ ಹತ್ತು ಪಟ್ಟು ಹೆಚ್ಚು; ಅದರಲ್ಲೂ ಮೊದಲ ಐದು ವರ್ಷದಲ್ಲಿ ಏರಿಕೆ ಜೋರು. ಮುಂದಿನ ಬಸುರಿನಲ್ಲಿ ಮರುಕಳಿಸುವವರು ಹೆಚ್ಚೂಕಡಿಮೆ ಅರ್ಧದಷ್ಟು.

ಅಂದಿನ ಅಳತೆ: ತೂಕ 64 ಕೆಜಿ, ಎತ್ತರ 152 ಸೆಂ.ಮೀ. (ಬಿಎಂಐ, ಅಂದರೆ ಎತ್ತರಕ್ಕೆ ತೂಕದ ಲೆಕ್ಕ, 27.7; ನಮ್ಮವರಿಗೆ 23 ದಾಟಿದರೇ ಎಚ್ಚರ), ಸೊಂಟದ ಸುತ್ತಳತೆ 91 (ಹೆಂಗಸರಿಗೆ 80ರ ಒಳಗಿರಬೇಕು), ಬಿಪಿ 128/84. ಬಸುರಿಗೆ ಮುಂಚೆ ತೂಕ 55 ಇತ್ತು. ಬಾಣಂತನದಲ್ಲಿ ಏರಿದ್ದು ಇಳಿಯಲೇ ಇಲ್ಲ. ಹಿಮೋಗ್ಲೋಬಿನ್ 9.4, ಅಂದರೆ ರಕ್ತಹೀನತೆ.

ಈ ಕೊನೆಯ ಅಂಕಿಯಿಂದಾಗಿಯೇ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಒಂದನ್ನೇ ನಂಬಲು ಬರಲಿಲ್ಲ. ಕಬ್ಬಿಣದ ಕೊರತೆ ಇದ್ದಾಗ ಅದು ಇದ್ದದ್ದಕ್ಕಿಂತ ಹೆಚ್ಚು ತೋರಿಸಬಹುದು. ಹೆರಿಗೆಯಲ್ಲಿ ರಕ್ತ ಹೋದ ಹೊಸದರಲ್ಲಿ ಕಡಿಮೆ ತೋರಿಸಬಹುದು. ಗ್ಲೂಕೋಸ್ ಕುಡಿಸಿ ನೋಡುವುದೇ ಸರಿ. ಆದರೆ ಅದೂ ಕೆಡುತ್ತದೆ, ಹೆಚ್ಚಾಗಿ ಬಸ್ಸಿನ ದೆಸೆಯಿಂದ. ಆದ್ದರಿಂದ ಒಂದೊಂದನ್ನೂ ಹೇಳಿ ಕಳಿಸಿದೆವು. ಮೂರು ದಿನ ಮೊದಲಿನಿಂದ ಎಂದಿನ ಊಟ ಮಾಡಬೇಕು; ಪರೀಕ್ಷೆ ಇದೆಯೆಂದು ರೊಟ್ಟಿ ಬಿಟ್ಟು ಕುಳಿತರೆ ಅಂಕಿ ಸುಳ್ಳೇ ಏರುತ್ತದೆ. ರಾತ್ರಿ ಊಟದ ನಂತರ 8ರಿಂದ 10 ತಾಸು ನೀರು ಬಿಟ್ಟು ಬೇರೇನೂ ಬೇಡ, ಬಸ್‌ಸ್ಟ್ಯಾಂಡಿನ ಅರ್ಧ ಕಪ್ ಚಹಾ ಕೂಡ. ಮೊದಲ ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿ.ಲೀ. ನೀರಿನಲ್ಲಿ ಕರಗಿಸಿ ಐದು ನಿಮಿಷದಲ್ಲಿ ಕುಡಿಯಬೇಕು. ಎರಡು ತಾಸು ಎಣಿಸುವುದು ಮೊದಲ ಗುಟುಕಿನಿಂದ. ಆ ಹೊತ್ತು ಕುಳಿತಿರಬೇಕು, ಸಂತೆಗೆ ಹೋಗಿ ಬರುವಂತಿಲ್ಲ. ಅರ್ಧ ತಾಸಿನೊಳಗೆ ವಾಂತಿಯಾದರೆ ಇನ್ನೊಂದು ದಿನ ಮಾಡಬೇಕು. ಬಸ್ಸಿನ ಹೊತ್ತಾಯಿತೆಂದು ಒಂದೂವರೆ ತಾಸಿಗೇ ರಕ್ತ ಕೊಟ್ಟು ಹೋದರೆ ಆ ಚೀಟಿ ಒಲೆಗೆ ಹಾಕಲಿಕ್ಕೇ ಸರಿ.

ಬಂದ ಅಂಕಿ: ಖಾಲಿ ಹೊಟ್ಟೆಯಲ್ಲಿ 108, ಎರಡು ತಾಸಿಗೆ 172. ಮಧುಮೇಹ ಎನ್ನಲು 126 ಅಥವಾ 200 ಬೇಕು. 100ರೊಳಗೆ ಮತ್ತು 140ರೊಳಗೆ ಇದ್ದರೆ ಸರಿ. ಆಕೆ ನಡುವೆ, ಹೊಸ್ತಿಲ ಮೇಲೆ.

"ನಮ್ಮ ಕಾಲದಾಗ ಯಾರ ಸಕ್ಕರಿ ನೋಡತಿದ್ರು? ಐದ ಹಡದೀನಿ ನಾ," ಎಂದರು ಅತ್ತೆ. "ಆಯಿ, ನಿಮಗ ಸಕ್ಕರಿ ಗುಳಿಗಿ ಚಾಲೂ ಆಗಿ ಎಷ್ಟ ವರ್ಷ ಆತ್ರಿ?" "ಹನ್ನೆರಡ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಂದ್ರ ನನಗೂ ಹಿಂಗ ಇತ್ತೇನ ಆವಾಗ?" ಎಂದು ತಾವೇ ಕೇಳಿದರು. ಇದ್ದಿರಬಹುದು, ನೋಡಿದವರಿಲ್ಲ ಎಂದೆವು. ಇಂಥ ಸಲಹೆಯಲ್ಲಿ ಅತ್ತೆಯನ್ನು ಹೊರಗೆ ಕೂರಿಸುವುದು ದೊಡ್ಡ ತಪ್ಪು. ಅಡುಗೆಮನೆಯ ಹಿಟ್ಟಿನ ಡಬ್ಬಿ ಅವರ ಕೈಯಲ್ಲಿರುತ್ತದೆ.

ಕಾಪರ್-ಟಿ ಬಗ್ಗೆ ಕೊಟ್ಟ ಸಲಹೆ: ಈಗಲೇ ತೆಗೆಸಬೇಡಿ, ಮೂರು ತಿಂಗಳು ಕೊಡಿ. ಬೇಡ ಎಂದಷ್ಟೇ ಹೇಳಿದರೆ ಮನೆಯಲ್ಲಿ ಜಗಳ. ಗಡುವು ಹೇಳಿದರೆ ಒಪ್ಪುತ್ತಾರೆ. ಕಾರಣವನ್ನೂ ಹೇಳಿದೆವು. ಕೂಸಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಎಂಟು ವಾರದಲ್ಲಿ, ಮುಟ್ಟು ನಿಂತದ್ದು ಖಾತ್ರಿಯಾಗುವ ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತದೆ. ಆಗ ಸಕ್ಕರೆ ಮಧುಮೇಹದ ಮಟ್ಟಕ್ಕೆ ಏರಿದ್ದರೆ ಅಂಗದೋಷದ ಅಪಾಯ. ಏಳನೇ ತಿಂಗಳವರೆಗೆ ಕಾಯುವ ವಿಷಯವಲ್ಲ. ಫೋಲಿಕ್ ಆಸಿಡ್ ಗುಳಿಗೆಯನ್ನು ಬಸುರಿಗೆ ಮೊದಲೇ ಶುರು ಮಾಡಬೇಕು, ರಕ್ತಹೀನತೆಗೆ ಕಬ್ಬಿಣದ ಗುಳಿಗೆ ಈಗಿನಿಂದಲೇ. ಮೆಟ್‌ಫಾರ್ಮಿನ್ ಬೇಕೇ ಎಂಬುದು ವೈದ್ಯಾಧಿಕಾರಿಯ ನಿರ್ಧಾರ. ಹಿಂದೆ ಬಸುರಿನ ಸಕ್ಕರೆ ಬಂದು ಈಗ ಹೊಸ್ತಿಲಲ್ಲಿ ಇರುವವರಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೂ ಮೊದಲು ಊಟ ಮತ್ತು ನಡಿಗೆ ನೋಡೋಣ ಎಂದು ಅವರೆಂದರು.

ಊಟದ ಲೆಕ್ಕಕ್ಕೆ ಹಿಂದಿನ ದಿನ ತಿಂದದ್ದನ್ನು ಬೆರಳು ಮಡಿಚಿ ಹೇಳಿಸಿದೆವು. ದಿನಕ್ಕೆ ನಾಲ್ಕು ಚಹಾ, ಕಪ್ಪಿಗೆ ಎರಡು ಚಮಚ: 40 ಗ್ರಾಂ, ವಾರಕ್ಕೆ ಕಾಲು ಕೆಜಿ ದಾಟುವ ಸಕ್ಕರೆ. "ನಾವು ಸಕ್ಕರಿ ಹಾಕೂದಿಲ್ರಿ, ಆಲೆಮನಿ ಬೆಲ್ಲಾ," ಎಂಬ ಮಾತು ಈ ಭಾಗದಲ್ಲಿ ದಿನವೂ ಕೇಳುತ್ತೇವೆ. ರಕ್ತಕ್ಕೆ ಬಂದ ಮೇಲೆ ಎರಡೂ ಒಂದೇ. ಚಹಾ ಎರಡು ಕಪ್, ತಲಾ ಅರ್ಧ ಚಮಚ. ಎರಡು ವಾರದಲ್ಲಿ ನಾಲಿಗೆ ಒಗ್ಗುತ್ತದೆ.

ಜೋಳದ ರೊಟ್ಟಿ ಒಳ್ಳೆಯದೇ, ಆದರೆ ಲೆಕ್ಕವಿಲ್ಲದೆ ಅಲ್ಲ. ಮಧ್ಯಾಹ್ನ ಮೂರು, ರಾತ್ರಿ ಮೂರು, ಜೊತೆಗೆ ಎರಡು ಚಮಚ ಪಲ್ಯ, ಮೇಲೆ ಅನ್ನ-ಸಾರು ನಡೆಯುತ್ತಿತ್ತು. ಇದನ್ನು ಹೊತ್ತಿಗೆ ಎರಡು ರೊಟ್ಟಿಗೆ ಇಳಿಸಿ, ಒಂದು ಬಟ್ಟಲು ಮಡಿಕೆ ಕಾಳು ಇಲ್ಲವೇ ಹೆಸರುಕಾಳು, ಅರ್ಧ ತಾಟು ಮೆಂತ್ಯ, ಪುಂಡಿ, ಹಕ್ಕರಕಿ, ಬದನೆಕಾಯಿ ಏನಿದೆಯೋ ಅದು, ಒಂದು ಲೋಟ ಮಜ್ಜಿಗೆ ಎಂದು ಬದಲಿಸಿದೆವು. ಮೊದಲು ಪಲ್ಯ-ಕಾಳು, ಆಮೇಲೆ ರೊಟ್ಟಿ. ಅನ್ನ ಒಂದೇ ಹೊತ್ತು, ಸಣ್ಣ ಬಟ್ಟಲು. ಸಂಜೆಗೆ ಖಾರಾ-ಚುರುಮುರಿ ಬದಲು ಒಂದು ಹಿಡಿ ಪುಠಾಣಿ. ಶೇಂಗಾ ಹಿಂಡಿಯನ್ನು ಬಿಡಿಸಲು ಹೋಗಲಿಲ್ಲ. ಅದಿಲ್ಲದ ಪಥ್ಯ ಮೂರನೇ ದಿನ ಮುರಿಯುತ್ತದೆ.

"ಹೊಲದಾಗ ದುಡಿತೀನ್ರಿ, ಮತ್ತ ಯಾಕ ಅಡ್ಡಾಡೂದು?" ಎಂಬ ಪ್ರಶ್ನೆ ನ್ಯಾಯದ್ದೇ. ಆದರೆ ಕಳೆ ತೆಗೆಯುವ ಕೆಲಸ ವರ್ಷವಿಡೀ ಇಲ್ಲ, ಇದ್ದ ದಿನವೂ ಕೂತು ಮಾಡುವುದೇ ಹೆಚ್ಚು. ಮಧ್ಯಾಹ್ನ, ರಾತ್ರಿ ಊಟವಾದ ಕೂಡಲೇ 15 ನಿಮಿಷ ಬಿರುಸು ನಡಿಗೆ: ಏರಬೇಕಿದ್ದ ಸಕ್ಕರೆಯನ್ನು ಸ್ನಾಯುಗಳೇ ಎಳೆದುಕೊಳ್ಳುತ್ತವೆ. ಗುರಿ ವಾರಕ್ಕೆ 150 ನಿಮಿಷ, ತೂಕದಲ್ಲಿ ಮೂರರಿಂದ ನಾಲ್ಕೂವರೆ ಕೆಜಿ ಇಳಿಕೆ. ಬಸುರಿಗೆ ಮುಂಚಿನ 55 ಬೇಕೆಂದು ಆಕೆಗೆ ಹಟ. ಆ ಅಂಕಿಯನ್ನು ಸದ್ಯ ಮರೆಯಲು ಹೇಳಿದೆವು.

ಮುಂದಿನ ಬಾಣಂತನಕ್ಕೂ ಎರಡು ಮಾತು ಬರೆದು ಕೊಟ್ಟೆವು. ಕಳೆದ ಸಲ ಐದನೇ ತಿಂಗಳಿಗೇ ಮೊಲೆ ಬಿಡಿಸಿದ್ದರು. ಹೆಚ್ಚು ಕಾಲ ಹಾಲೂಡಿಸಿದವರಲ್ಲಿ ಮುಂದೆ ಮಧುಮೇಹ ಕಡಿಮೆ. ಅಂಟಿನ ಉಂಡಿಯನ್ನು ತವರಿನವರು ಪ್ರೀತಿಯಿಂದ ಮಾಡುತ್ತಾರೆ, ನಿಲ್ಲಿಸಿ ಎಂದರೆ ನಿಲ್ಲದು. ಬೆಲ್ಲ ಅರ್ಧಕ್ಕಿಳಿಸಿ, ಇಂಡಿಯ ನಿಂಬೆಹಣ್ಣಿನಷ್ಟು ಗಾತ್ರದ್ದು ದಿನಕ್ಕೊಂದು, ಆರು ವಾರಕ್ಕೆ ಮುಗಿಯಬೇಕು.

ಮೂರು ತಿಂಗಳ ನಂತರ ಬಂದಾಗ ತೂಕ 61.8, ಖಾಲಿ ಹೊಟ್ಟೆ 101, ಎರಡು ತಾಸಿಗೆ 149. ಎಳ್ಳಮಾವಾಸ್ಯೆಯ ಚರಗದ ವಾರ ಲೆಕ್ಕ ತಪ್ಪಿತ್ತೆಂದು ಆಕೆಯೇ ಹೇಳಿದಳು. ಪೂರ್ತಿ ಸರಿಯಾಗಿಲ್ಲ, ದಿಕ್ಕು ಸರಿಯಿದೆ. ವೈದ್ಯಾಧಿಕಾರಿ ಕಾಪರ್-ಟಿ ತೆಗೆಯಲು ಒಪ್ಪಿದರು. ಮುಟ್ಟು ತಪ್ಪಿದ ಮೊದಲ ಭೇಟಿಯಲ್ಲೇ ಗ್ಲೂಕೋಸ್ ಪರೀಕ್ಷೆ, ಮತ್ತೆ 24ರಿಂದ 28 ವಾರದೊಳಗೆ, ಹೆರಿಗೆಯಾಗಿ ಆರು ವಾರಕ್ಕೆ, ಆಮೇಲೆ ಪ್ರತಿ ವರ್ಷ ಮಗನ ಹುಟ್ಟುಹಬ್ಬದ ತಿಂಗಳಲ್ಲಿ. ಇದನ್ನು ಕನ್ನಡದಲ್ಲಿ ಎರಡು ಪ್ರತಿ ಬರೆಸಿದೆವು. ಒಂದು ತವರಿಗೆ. ಇನ್ನೊಂದನ್ನು ಅತ್ತೆ ತಮ್ಮ ಗುಳಿಗೆ ಚೀಟಿಯ ಹಿಂದೆ ಪಿನ್ ಹಚ್ಚಿಸಿಕೊಂಡರು. ತಿಂಗಳಿಗೊಮ್ಮೆ ಗುಳಿಗೆಗೆ ಬರುವಾಗ ಅದು ಹೇಗೂ ಕೈಯಲ್ಲಿರುತ್ತದೆ.